ಮಳೆ ಹುಳಿಯಾದ ಇತಿಹಾಸ

ಕೇಂದ್ರ ಸರಕಾರದ ಕಛೇರಿಯ ಗುಮಾಸ್ತರಿಗೆ ಸ್ವಂತ ಊರೆಂಬುದು ರಜೆಯಲ್ಲಿ ಮಾತ್ರ. ಉಳಿದ ಕಾಲವೆಲ್ಲ ವರ್ಗಾವಣೆಯ ಆಜ್ಞೆ ತೋರಿಸಿದ ಊರೇ ಊರು. ಹೀಗೆ ನಾವು ಕೆಲವು ವರ್ಷ ವಿಜಯವಾಡದಲ್ಲಿದ್ದು ಅನಂತರ ವಿಶಾಖಪಟ್ಟಣಕ್ಕೆ ಬಂದೆವು. ಎರಡೂ ಊರಿಗೆ ನಮ್ಮ ಸಾಮಾನಿನೊಡನೆ ತಪ್ಪದೆ ಬಂದದ್ದು ನಮ್ಮ ತಾಯಿಯವರ ತಾಮ್ರದ ಹಂಡೆ. ಅವರು ತೀರ್ಥಹಳ್ಳಿಯ ಕಡೆಯವರು. ಸೂರಿನ ನೀರು ಹಂಡೆಗೆ ಬೀಳುವ ಸದ್ದು ಕೇಳದಿದ್ದರೆ ಅವರ ಪಾಲಿಗೆ ಮಳೆಗಾಲ ಬಂದಂತೆಯೇ ಅಲ್ಲ. ಮೊದಲ ಎರಡು ಮಳೆಯ ನೀರನ್ನು ಬಿಟ್ಟುಬಿಡಬೇಕು, ಮೂರನೆಯದನ್ನು ಹಿಡಿಯಬೇಕು; ಆ ನೀರಿನಲ್ಲಿ ಬೇಳೆ ಬೇಗ ಬೇಯುತ್ತದೆ, ತುಳಸಿಗೂ ಅದೇ ಒಳ್ಳೆಯದು. ಇದು ಅವರ ಶಾಸ್ತ್ರ.

ವಿಶಾಖಪಟ್ಟಣಕ್ಕೆ ಬಂದ ಎರಡನೆಯ ಮಳೆಗಾಲದಲ್ಲಿ, ಒಂಬತ್ತನೆಯ ತರಗತಿಯಲ್ಲಿದ್ದ ನಮ್ಮ ಮಗಳು ಶಾಲೆಯಿಂದ ಪಿ.ಎಚ್. ಕಾಗದದ ಚೂರುಗಳನ್ನು ತಂದು ಹಂಡೆಯ ನೀರಿಗೆ ಅದ್ದಿದಳು. ಕಾಗದ ಹಳದಿ ಬಣ್ಣಕ್ಕೆ ತಿರುಗಿತು. "ಅಜ್ಜೀ, ನಿಮ್ಮ ನೀರು ಹುಳಿ" ಎಂದು ಅವಳು ನಕ್ಕಳು. ತಾಯಿಯವರು ನಗಲಿಲ್ಲ. ನಮ್ಮ ಕಡೆ ತಿರುಗಿ, "ಏನೋ ಇದು, ಮಳೆ ನೀರೂ ಹುಳಿಯಾಗ್ತದೇನೋ? ನಾಳೆ ತುಳಸಿಗೆ ಹಾಕಲೋ ಬೇಡವೋ?" ಎಂದು ಕೇಳಿದರು. ಮನೆಯಲ್ಲಿ ಬಿ.ಎಸ್ಸಿ. ಓದಿದವರೆಂಬ ಹೆಸರು ಹೊತ್ತ ನಮಗೆ ಥಟ್ಟನೆ ಉತ್ತರ ಹೊಳೆಯಲಿಲ್ಲ. ಮಹಡಿಯ ಧೂಳು ಸೇರಿದ ನೀರನ್ನು ಕಾಗದದ ಬಣ್ಣವೊಂದರಿಂದಲೇ ನಿರ್ಣಯಿಸುವುದು ಸರಿಯಲ್ಲ ಎಂದೇನೋ ಹೇಳಿದೆವು. ಆದರೆ ಪ್ರಶ್ನೆ ಮನಸ್ಸಿನಲ್ಲಿ ಉಳಿಯಿತು. ಅದರ ಬೆನ್ನು ಹತ್ತಿ ಓದಿದಾಗ, ಅದಕ್ಕೆ ನೂರೈವತ್ತು ವರ್ಷಕ್ಕೂ ಮೀರಿದ ಇತಿಹಾಸವಿದೆಯೆಂದು ತಿಳಿಯಿತು. ಆ ಇತಿಹಾಸವನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಮೊದಲು ಒಂದೆರಡು ಮಾತಿನ ಪೀಠಿಕೆ. ದ್ರವವೊಂದರ ಹುಳಿಯನ್ನು ಅಳೆಯುವ ಮಾನಕ್ಕೆ ಪಿ.ಎಚ್. ಎಂದು ಹೆಸರು. ಶುದ್ಧ ನೀರಿನದು 7. ಅದಕ್ಕಿಂತ ಕೆಳಗಿಳಿದಷ್ಟೂ ಆಮ್ಲ, ಮೇಲೇರಿದಷ್ಟೂ ಪ್ರತ್ಯಾಮ್ಲ. ಒಂದು ಅಂಕ ಇಳಿಯಿತೆಂದರೆ ಆಮ್ಲ ಹತ್ತು ಪಟ್ಟು ಹೆಚ್ಚಿತೆಂದು ಅರ್ಥ. ಯಾವ ಕಾರ್ಖಾನೆಯೂ ಇಲ್ಲದ ಕಡೆಯಲ್ಲಿಯೂ ಮಳೆಹನಿ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಕರಗಿಸಿಕೊಂಡು ಸುಮಾರು 5.6ಕ್ಕೆ ಇಳಿದಿರುತ್ತದೆ. ಆದ್ದರಿಂದ ಮಳೆ ಕೊಂಚ ಹುಳಿಯಾಗಿರುವುದು ಪ್ರಕೃತಿಧರ್ಮ. ಅದಕ್ಕಿಂತ ಕೆಳಗಿಳಿದಾಗ ಮಾತ್ರ ಅದನ್ನು ಆಮ್ಲಮಳೆ ಎನ್ನುತ್ತಾರೆ. ಕಲ್ಲಿದ್ದಲು, ಎಣ್ಣೆ, ಲೋಹದ ಅದಿರು ಇವುಗಳಲ್ಲಿರುವ ಗಂಧಕ ಸುಟ್ಟು ಮೋಡದ ನೀರಿನಲ್ಲಿ ಗಂಧಕಾಮ್ಲವಾಗುತ್ತದೆ. ಕುಲುಮೆ ಮತ್ತು ಎಂಜಿನ್ನುಗಳ ಬಿಸಿಯಲ್ಲಿ ಗಾಳಿಯ ಸಾರಜನಕವೇ ಉರಿದು ನೈಟ್ರಿಕ್ ಆಮ್ಲವಾಗುತ್ತದೆ. ಇವೆರಡೇ ಮುಖ್ಯ ಅಪರಾಧಿಗಳು.

ಇದನ್ನು ಮೊದಲು ಕಂಡುಹಿಡಿದವರು ರಾಬರ್ಟ್ ಆಂಗಸ್ ಸ್ಮಿತ್ ಎಂಬ ರಸಾಯನಶಾಸ್ತ್ರಜ್ಞರು. ಮ್ಯಾಂಚೆಸ್ಟರ್ ನಗರದ ಸುತ್ತಲಿನ ಮಳೆಯನ್ನು ಪರೀಕ್ಷಿಸಿ, ನಗರಕ್ಕೆ ಹತ್ತಿರವಾದಷ್ಟೂ ಮಳೆಯಲ್ಲಿ ಗಂಧಕಾಮ್ಲ ಹೆಚ್ಚುವುದೆಂದು ಅವರು 1852ರಲ್ಲಿ ಬರೆದರು. 1872ರಲ್ಲಿ ಅವರು ಪ್ರಕಟಿಸಿದ ದೊಡ್ಡ ಗ್ರಂಥದಲ್ಲಿ 'ಆಮ್ಲಮಳೆ' ಎಂಬ ಪದವೇ ಕಾಣಿಸಿಕೊಂಡಿತು. ಕಾರ್ಖಾನೆಗಳ ಆಮ್ಲದ ಅನಿಲವನ್ನು ತಡೆಯಲು 1863ರಲ್ಲಿ ಬ್ರಿಟಿಷ್ ಸರಕಾರ ಮಾಡಿದ ಕಾಯಿದೆಗೆ ಇವರೇ ಮೊದಲ ಇನ್‌ಸ್ಪೆಕ್ಟರು. ಅಂದರೆ ನಮ್ಮಂತೆಯೇ ಸರಕಾರದ ಸಂಬಳ ತಿಂದವರು. ಅವರ ಗ್ರಂಥವನ್ನು ಜನ ನೂರು ವರ್ಷ ಮರೆತೇಬಿಟ್ಟರು. ಕಡತಗಳ ಗತಿ ಎಲ್ಲ ದೇಶದಲ್ಲಿಯೂ ಒಂದೇ ಎಂದು ನಮಗನ್ನಿಸಿತು.

ಮರೆತ ಮಾತು ಮತ್ತೆ ನೆನಪಾದದ್ದು ಕಾಡಿನಿಂದ, ಅದೂ ಸೂಜಿಯೆಲೆಯ ಮರಗಳ ಕಾಡಿನಿಂದ. ಪೈನ್, ಸ್ಪ್ರೂಸ್, ಫರ್, ನಮ್ಮ ಹಿಮಾಲಯದ ದೇವದಾರು ಇವೆಲ್ಲ ಆ ಜಾತಿಯವು. ವಿಶಾಖಪಟ್ಟಣದ ಕಡಲ ದಂಡೆಯ ಸರ್ವೆ ಮರ ನೋಟಕ್ಕೆ ಹಾಗೆ ಕಂಡರೂ ಆ ಜಾತಿಯದಲ್ಲ. ಅರಕು ಕಣಿವೆಗೆ ರೈಲಿನಲ್ಲಿ ಹೋದವರು ಅಲ್ಲಿ ನೆಟ್ಟು ಬೆಳೆಸಿದ ಪೈನ್ ತೋಪನ್ನು ನೋಡಿರಬಹುದು. ನಾವು ಸಂಸಾರ ಸಮೇತ ಹೋಗಿದ್ದಾಗ ಬುತ್ತಿ ಬಿಚ್ಚಿದ್ದು ಅದರ ನೆರಳಿನಲ್ಲಿಯೇ. ನೆಲದ ತುಂಬ ಒಣಗಿದ ಸೂಜಿಗಳ ಹಾಸು; ಅದರಡಿಯಲ್ಲಿ ಹುಲ್ಲು ಅಪರೂಪ. ಇಂತಹ ಎಲೆ ಕೊಳೆತು ಮಣ್ಣಾಗುವುದು ನಿಧಾನ. ಕೊಳೆಯುವಾಗಲೂ ಆಮ್ಲವನ್ನೇ ಬಿಡುತ್ತದೆ. ಹೀಗಾಗಿ ಈ ಕಾಡುಗಳ ಮಣ್ಣು ಹುಟ್ಟಿನಿಂದಲೇ ಕೊಂಚ ಹುಳಿ. ಜೊತೆಗೆ ಸ್ವೀಡನ್, ನಾರ್ವೆಗಳಲ್ಲಿ ನೆಲವೆಂದರೆ ಹಿಮಯುಗ ತಿಕ್ಕಿ ಬಿಟ್ಟುಹೋದ ಗ್ರಾನೈಟ್ ಬಂಡೆಯ ಮೇಲಿನ ತೆಳುವಾದ ಪದರ. ಸುಣ್ಣದ ಅಂಶ ಬಹಳ ಕಡಿಮೆ.

ಇನ್ನೊಂದು ಸಂಗತಿಯೂ ಉಂಟು. ಬೇರೆ ಮರಗಳು ಚಳಿಗಾಲದಲ್ಲಿ ಎಲೆ ಉದುರಿಸಿ ನಿಂತರೆ, ಇವುಗಳ ಸೂಜಿಗಳು ವರ್ಷವಿಡೀ ಗಾಳಿಯನ್ನು ಜರಡಿ ಹಿಡಿಯುತ್ತಿರುತ್ತವೆ. ಚಳಿಗಾಲವೇ ಯುರೋಪಿನಲ್ಲಿ ಕಲ್ಲಿದ್ದಲನ್ನು ಹೆಚ್ಚಾಗಿ ಸುಡುವ ಕಾಲ. ಹೊಗೆಯ ಅನಿಲವೂ ಮಂಜಿನ ಹನಿಯೂ ಸೂಜಿಗಳಿಗೆ ಅಂಟಿ, ಮುಂದಿನ ಮಳೆಯಲ್ಲಿ ತೊಳೆದು ನೆಲಕ್ಕಿಳಿಯುತ್ತವೆ. ಬಯಲಿನಲ್ಲಿ ಬಿದ್ದುದಕ್ಕಿಂತ ಹೆಚ್ಚು ಆಮ್ಲ ಕಾಡಿನ ನೆಲಕ್ಕೆ ಸೇರುವುದು ಹೀಗೆ.

1952ರ ಡಿಸೆಂಬರಿನಲ್ಲಿ ಲಂಡನ್ ನಗರದ ಹೊಗೆಮಂಜಿಗೆ ಸಾವಿರಾರು ಜನ ಬಲಿಯಾದ ಮೇಲೆ 1956ರಲ್ಲಿ ಅಲ್ಲಿ ಶುದ್ಧ ಗಾಳಿಯ ಕಾಯಿದೆ ಬಂತು. ವಿದ್ಯುತ್ ಸ್ಥಾವರಗಳಿಗೆ ಎತ್ತರದ ಚಿಮಣಿಗಳು ಬಂದವು. ಊರಿನ ಗಾಳಿ ತಿಳಿಯಾಯಿತು. ಆದರೆ ಮೇಲೆ ಹೋದ ಗಂಧಕ ಸಮುದ್ರ ದಾಟಿ ಪರದೇಶದಲ್ಲಿ ಇಳಿಯಿತು. ಇದನ್ನು ಬಯಲಿಗೆಳೆದದ್ದು ಒಂದು ಬಡ ರಿಜಿಸ್ಟರು. ಸ್ವೀಡನ್ನಿನಲ್ಲಿ 1948ರಿಂದಲೇ ಹ್ಯಾನ್ಸ್ ಎಗ್ನೇರ್ ಎಂಬ ಮಣ್ಣಿನ ವಿಜ್ಞಾನಿ, ಮಳೆಯಿಂದ ಹೊಲಕ್ಕೆ ಎಷ್ಟು ಗೊಬ್ಬರದ ಅಂಶ ಸಿಕ್ಕೀತೆಂದು ತಿಳಿಯಲು ಹಲವು ಕಡೆ ಮಳೆನೀರು ಹಿಡಿದು ಲೆಕ್ಕವಿಡುವ ಏರ್ಪಾಡು ಮಾಡಿದ್ದರು. ಮುಂದೆ ಅದು ಯುರೋಪಿನ ಇತರ ದೇಶಗಳಿಗೂ ಹಬ್ಬಿತು. ಆ ಲೆಕ್ಕಗಳನ್ನು ಒಟ್ಟಿಗೆ ಹರವಿ ನೋಡಿದ ಸ್ವಾಂಟೆ ಓಡೆನ್ ಎಂಬುವರು, ವರ್ಷದಿಂದ ವರ್ಷಕ್ಕೆ ಮಳೆ ಹುಳಿಯಾಗುತ್ತಿದೆ, ಈ ಹುಳಿ ಬರುತ್ತಿರುವುದು ಹೊರದೇಶದಿಂದ, ಸರೋವರಗಳ ಮೀನು ಸಾಯುತ್ತಿರುವುದಕ್ಕೂ ಇದಕ್ಕೂ ಸಂಬಂಧವಿದೆ ಎಂದು 1967ರಲ್ಲಿ ಪತ್ರಿಕೆಯಲ್ಲಿ ಬರೆದರು. ಗೊಬ್ಬರದ ಲೆಕ್ಕಕ್ಕೆಂದು ಇಟ್ಟ ಪುಸ್ತಕ ರಾಷ್ಟ್ರಗಳ ನಡುವಿನ ವ್ಯಾಜ್ಯಕ್ಕೆ ಸಾಕ್ಷಿಯಾಯಿತು. 1972ರಲ್ಲಿ ಸ್ಟಾಕ್‌ಹೋಮಿನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ನಡೆದಾಗ ಸ್ವೀಡನ್ ಈ ವಿಷಯವನ್ನು ಲೋಕದ ಮುಂದಿಟ್ಟಿತು. ನಮ್ಮ ಪ್ರಧಾನಿ ಇಂದಿರಾ ಗಾಂಧಿಯವರು ಭಾಷಣ ಮಾಡಿದ್ದೂ ಆ ಸಮ್ಮೇಳನದಲ್ಲಿಯೇ. ನಮ್ಮ ದೇಶದ 1981ರ ವಾಯು ಕಾಯಿದೆಯ ಪೀಠಿಕೆಯಲ್ಲಿ ಆ ಸಮ್ಮೇಳನದ ಹೆಸರಿದೆ.

ಮರ ಸಾಯುವುದಕ್ಕೂ ಮೀನು ಸಾಯುವುದಕ್ಕೂ ಏನು ಸಂಬಂಧ? ಸಂಬಂಧವಿರುವುದು ಮಣ್ಣಿನಲ್ಲಿ. ಗುಮಾಸ್ತರ ಭಾಷೆಯಲ್ಲಿ ಹೇಳುವುದಾದರೆ ಮಣ್ಣು ಒಂದು ಉಳಿತಾಯದ ಖಾತೆ. ಬಂಡೆ ನಿಧಾನವಾಗಿ ಸವೆದು ಕ್ಯಾಲ್ಸಿಯಮ್ (ಅಂದರೆ ಸುಣ್ಣದ ಸಾರ), ಮೆಗ್ನೀಸಿಯಮ್ ಮುಂತಾದುವು ಅದಕ್ಕೆ ಜಮೆಯಾಗುತ್ತವೆ. ಆಮ್ಲದ ಮಳೆ ಬಿದ್ದಾಗ ಮಣ್ಣು ಈ ಸುಣ್ಣವನ್ನು ಕೊಟ್ಟು ಆಮ್ಲವನ್ನು ತೀರಿಸುತ್ತದೆ. ಹೊಳೆಯ ನೀರು ಕೆಡದೆ ಉಳಿಯುತ್ತದೆ. ಮೇಲುನೋಟಕ್ಕೆ ಏನೂ ಆಗಿಲ್ಲ. ಆದರೆ ಜಮೆಗಿಂತ ಖರ್ಚು ಹೆಚ್ಚಾದರೆ ಖಾತೆ ಒಂದು ದಿನ ಬರಿದಾಗಲೇಬೇಕು. ಸುಣ್ಣ ಮುಗಿದ ಮೇಲೆ ಮಣ್ಣು ತನ್ನಲ್ಲಿ ಕಟ್ಟಿಕೊಂಡಿದ್ದ ಅಲ್ಯೂಮಿನಿಯಮನ್ನು ಬಿಡತೊಡಗುತ್ತದೆ. ಕರಗಿದ ಅಲ್ಯೂಮಿನಿಯಮ್ ಎಳೆಯ ಬೇರಿಗೆ ವಿಷ. ಹೊಳೆ ಸೇರಿದರೆ ಮೀನಿನ ಕಿವಿರಿಗೂ ವಿಷ. ನೀರು ಕನ್ನಡಿಯಂತೆ ತಿಳಿಯಾಗಿರುತ್ತದೆ, ಆದರೆ ಅದರಲ್ಲಿ ಮೀನಿರುವುದಿಲ್ಲ.

ಜರ್ಮನಿಯ ಸೋಲಿಂಗ್ ಬೆಟ್ಟಗಳ ಕಾಡಿನಲ್ಲಿ ಈ ಖಾತೆಯ ಲೆಕ್ಕವನ್ನು ವರ್ಷಗಟ್ಟಲೆ ತೆಗೆದವರು ಬರ್ನ್‌ಹಾರ್ಡ್ ಉಲ್ರಿಖ್. ಕಾಡುಗಳೇ ಅಳಿದಾವೆಂದು ಅವರು ಎಚ್ಚರಿಸಿದಾಗ, 1980ರ ದಶಕದ ಮೊದಲಲ್ಲಿ ಆ ದೇಶದಲ್ಲಿ ದೊಡ್ಡ ಗುಲ್ಲೇ ಎದ್ದಿತು. ಅವರು ಹೆದರಿದಷ್ಟು ಕಾಡು ಸಾಯಲಿಲ್ಲ ಎಂಬುದನ್ನೂ ಹೇಳಬೇಕು. ಆದರೆ ಜರ್ಮನಿ ಮತ್ತು ಚೆಕ್ ದೇಶಗಳ ಗಡಿಯ ಅದಿರು ಬೆಟ್ಟಗಳಲ್ಲಿ, ಕಂದು ಕಲ್ಲಿದ್ದಲಿನ ಹೊಗೆಗೆ ಸಿಕ್ಕ ಸ್ಪ್ರೂಸ್ ಕಾಡು ಗುಡ್ಡಗುಡ್ಡವೇ ಒಣಗಿ ನಿಂತದ್ದು ನಿಜ. 1979ರಲ್ಲಿ ಜಿನೀವದಲ್ಲಿ ಗಡಿ ದಾಟುವ ಹೊಗೆಯ ಬಗ್ಗೆ ಒಪ್ಪಂದವಾಯಿತು. 1985ರಲ್ಲಿ ಹಲವು ದೇಶಗಳು ಗಂಧಕವನ್ನು ಶೇಕಡಾ 30ರಷ್ಟು ತಗ್ಗಿಸಲು ಒಪ್ಪಿದವು. ಮುಂದೆ ಅದಕ್ಕಿಂತಲೂ ಬಹಳ ಹೆಚ್ಚು ತಗ್ಗಿತು.

ಹೊಗೆ ತಗ್ಗಿದೊಡನೆ ಎಲ್ಲ ಸರಿಹೋಯಿತೆ? ಇಲ್ಲ. ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಹಬ್ಬರ್ಡ್ ಬ್ರೂಕ್ ಎಂಬ ಕಾಡಿನಲ್ಲಿ ಜೀನ್ ಲೈಕೆನ್ಸ್ ಮತ್ತು ಅವರ ಸಂಗಡಿಗರು 1963ರಿಂದ ಮಳೆಯನ್ನೂ ತೊರೆಯನ್ನೂ ಅಳೆಯುತ್ತ ಬಂದರು. ಮಳೆಯ ಆಮ್ಲ ತಗ್ಗಿದ ಮೇಲೂ ತೊರೆ ಬೇಗ ಚೇತರಿಸಿಕೊಳ್ಳಲಿಲ್ಲ. ಕಳೆದುಹೋದ ಸುಣ್ಣವನ್ನು ಬಂಡೆ ಮತ್ತೆ ಕೊಡಲು ಬಹುಕಾಲ ಬೇಕೆಂದು ಅವರು 1996ರಲ್ಲಿ ಪ್ರಕಟಿಸಿದರು. 1999ರಲ್ಲಿ ಹೆಲಿಕಾಪ್ಟರಿನಿಂದ ಕ್ಯಾಲ್ಸಿಯಮ್ ಇರುವ ಖನಿಜವನ್ನು ಒಂದು ಇಡೀ ಗುಡ್ಡದ ಮೇಲೆ ಚೆಲ್ಲಿ ಪರೀಕ್ಷಿಸಬೇಕಾಯಿತು. ಹಾಳುಮಾಡಲು ಕೆಲವೇ ದಶಕ ಸಾಕು. ಸರಿಪಡಿಸಲು ಹಲವು ತಲೆಮಾರು ಬೇಕು.

ಇನ್ನು ನಮ್ಮ ದೇಶದ ಮಾತಿಗೆ ಬರೋಣ. ಜಾಗತಿಕ ಹವಾಮಾನ ಸಂಸ್ಥೆಯ ಯೋಜನೆಯಂತೆ ಭಾರತದ ಹವಾಮಾನ ಇಲಾಖೆ 1970ರ ದಶಕದಿಂದ ಮಳೆನೀರಿನ ರಾಸಾಯನಿಕ ಪರೀಕ್ಷೆಗೆ ಕೇಂದ್ರಗಳನ್ನು ಏರ್ಪಡಿಸಿತು. ಶ್ರೀನಗರ, ಜೋಧಪುರ, ಅಲಹಾಬಾದ್, ಅಸ್ಸಾಮಿನ ಮೋಹನ್‌ಬಾರಿ, ನಾಗಪುರ, ಪುಣೆ, ಕೊಡೈಕನಾಲ್, ಮಿನಿಕಾಯ್, ಪೋರ್ಟ್ ಬ್ಲೇರ್, ಅವುಗಳ ಸಾಲಿನಲ್ಲಿ ನಮ್ಮ ವಿಶಾಖಪಟ್ಟಣ. ಆರಂಭದ ಫಲಿತಾಂಶಗಳು ಸಮಾಧಾನಕರವಾಗಿದ್ದುವು. ಬಹುತೇಕ ಕಡೆ ಮಳೆ 5.6ಕ್ಕಿಂತ ಮೇಲೆಯೇ ಇತ್ತು. ಹೊಗೆ ಇರಲಿಲ್ಲವೆಂದಲ್ಲ, ನಮ್ಮ ಧೂಳು ನಮ್ಮನ್ನು ಕಾಪಾಡಿತು. ಬೇಸಿಗೆಯ ಗಾಳಿ ಎಬ್ಬಿಸುವ ಮಣ್ಣಿನ ಧೂಳಿನಲ್ಲಿ ಸುಣ್ಣದ ಅಂಶವಿದೆ. ಅದು ಮೋಡದಲ್ಲಿಯೇ ಆಮ್ಲವನ್ನು ಮುರಿಯುತ್ತದೆ. ನಮ್ಮ ಕಲ್ಲಿದ್ದಲಿನಲ್ಲಿ ಬೂದಿ ಬಹಳ, ಗಂಧಕ ಕಡಿಮೆ ಎಂಬುದೂ ಒಂದು ಅನುಕೂಲ.

ವಿಜಯವಾಡದಲ್ಲಿ ಈ ರಕ್ಷಣೆ ಇಮ್ಮಡಿ. ಊರಿನ ಮೇಲ್ಗಡೆ ಇಬ್ರಾಹಿಂಪಟ್ಟಣದಲ್ಲಿ ಕಲ್ಲಿದ್ದಲಿನ ವಿದ್ಯುತ್ ಸ್ಥಾವರದ ಮೊದಲ ಘಟಕ 1979ರಲ್ಲಿ ಆರಂಭವಾಯಿತು. ಚನ್ನಪಟ್ಟಣದಂತೆಯೇ ಮರದ ಗೊಂಬೆಗೆ ಹೆಸರಾದ ಕೊಂಡಪಲ್ಲಿ ಅದರ ನೆರೆಯ ಊರು. ಅಲ್ಲಿ ಹಾಯುವ ಕೃಷ್ಣೆ ನಮ್ಮವಳೇ. ಬಿಜಾಪುರ, ಬಾಗಲಕೋಟೆ, ರಾಯಚೂರುಗಳ ಎರೆ ಭೂಮಿಯನ್ನೂ ಕಪ್ಪು ಬಂಡೆಗಳನ್ನೂ ತೊಳೆದುಕೊಂಡು ಬರುವವಳು. ರಾಯಚೂರಿನ ಶಕ್ತಿನಗರದಲ್ಲಿ 1985ರಲ್ಲಿ ಮೊದಲ ಘಟಕ ಆರಂಭವಾದ ಸ್ಥಾವರಕ್ಕೂ ಇಬ್ರಾಹಿಂಪಟ್ಟಣದ ಸ್ಥಾವರಕ್ಕೂ ನೀರು ಕೊಡುವವಳು ಅವಳೇ. ಆ ನೀರಿನಲ್ಲಿಯೂ ಮುಖಜ ಭೂಮಿಯ ಕಪ್ಪು ಮಣ್ಣಿನಲ್ಲಿಯೂ ಸುಣ್ಣದ ಸಾರ ಧಾರಾಳ. ಮಣ್ಣಿನ ಖಾತೆಯಲ್ಲಿ ಹಣ ಹೆಚ್ಚಾಗಿರುವ ಶ್ರೀಮಂತರ ಊರು ಅದು.

ವಿಶಾಖಪಟ್ಟಣದ ಸ್ಥಿತಿ ಬೇರೆ. 1933ರಲ್ಲಿ ಬಂದರು ತೆರೆಯುವವರೆಗೆ ಇದೊಂದು ಚಿಕ್ಕ ಊರು. ಅನಂತರ 1957ರಲ್ಲಿ ಎಣ್ಣೆ ಶುದ್ಧಿ ಕಾರ್ಖಾನೆ, 1967ರಲ್ಲಿ ಗೊಬ್ಬರದ ಕಾರ್ಖಾನೆ, 1977ರಲ್ಲಿ ಸತುವಿನ ಕುಲುಮೆ (ಇದು 2012ರಲ್ಲಿ ನಿಂತಿತು), 1992ರಲ್ಲಿ ರಾಷ್ಟ್ರಕ್ಕೆ ಅರ್ಪಿತವಾದ ಉಕ್ಕಿನ ಕಾರ್ಖಾನೆ, ಮುಂದೆ ಸಿಂಹಾದ್ರಿಯ ವಿದ್ಯುತ್ ಸ್ಥಾವರ, ಹೀಗೆ ಒಂದೊಂದಾಗಿ ಬಂದವು. ಇವು ಸಾವಿರಾರು ಮನೆಗಳಿಗೆ ಅನ್ನ ಕೊಟ್ಟಿವೆ. ಅಂತಹ ಮನೆಗಳಲ್ಲಿ ಕನ್ನಡಿಗರವೂ ಉಂಟು. ಆದರೆ ಉತ್ತರಕ್ಕೆ ಕೈಲಾಸ ಬೆಟ್ಟ, ದಕ್ಷಿಣಕ್ಕೆ ಯಾರಾಡ ಬೆಟ್ಟ, ನಡುವೆ ಊರು ಬಟ್ಟಲಿನ ತಳದಲ್ಲಿದ್ದಂತೆ. ಹೊಗೆ ಸುಲಭವಾಗಿ ಹೊರಗೆ ಹೋಗದು. ಬೆಟ್ಟಗಳ ಕೆಂಪು ಮಣ್ಣಿನಲ್ಲಿ ಎರೆಯಲ್ಲಿರುವಷ್ಟು ಸುಣ್ಣವಿಲ್ಲ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2009ರಲ್ಲಿ ತೀವ್ರ ಮಲಿನವೆಂದು ಗುರುತಿಸಿದ 43 ಕೈಗಾರಿಕಾ ಪ್ರದೇಶಗಳಲ್ಲಿ ಈ ಊರೂ ಸೇರಿತ್ತು. ಹವಾಮಾನ ಇಲಾಖೆಯ ಕೇಂದ್ರಗಳ 1987ರಿಂದ 2021ರವರೆಗಿನ ದಾಖಲೆಗಳನ್ನು ಒಟ್ಟುಗೂಡಿಸಿ ನೋಡಿದ ವಿಜ್ಞಾನಿಗಳು, ವಿಶಾಖಪಟ್ಟಣ, ಪ್ರಯಾಗರಾಜ್ (ಹಿಂದಿನ ಅಲಹಾಬಾದ್), ಮೋಹನ್‌ಬಾರಿಗಳಲ್ಲಿ ಮಳೆ ಆಮ್ಲದ ಕಡೆಗೆ ಸರಿಯುತ್ತಿದೆಯೆಂದೂ, ಜೋಧಪುರ, ಶ್ರೀನಗರಗಳಿಗೆ ಥಾರ್ ಮರುಭೂಮಿಯ ಧೂಳಿನ ನೆರವು ಇದೆಯೆಂದೂ ಹೇಳಿದ್ದಾರೆ. ಇದು ಇಂದೇ ಹೆದರಿ ಓಡಬೇಕಾದ ಮಟ್ಟದ್ದಲ್ಲ. ಆದರೆ ಸ್ವೀಡನ್ನಿನ ರಿಜಿಸ್ಟರೂ ಮೊದಮೊದಲು ಇಂತಹ ಸಣ್ಣ ಇಳಿತವನ್ನೇ ತೋರಿಸಿತ್ತು.

ಇಲ್ಲೊಂದು ವಿಚಿತ್ರವನ್ನು ಗಮನಿಸಬೇಕು. ನಾವೆಲ್ಲ ಬೈಯುವುದು ಕಣ್ಣಿಗೆ ಕಾಣುವ ಧೂಳನ್ನು. ರಸ್ತೆಗೆ ಡಾಂಬರು ಹಾಕಿರಿ, ಚಿಮಣಿಯ ಬೂದಿ ತಡೆಯಿರಿ ಎನ್ನುತ್ತೇವೆ. ಅದು ನ್ಯಾಯವೇ, ಏಕೆಂದರೆ ಧೂಳು ಶ್ವಾಸಕೋಶದ ಶತ್ರು. ಆದರೆ ಧೂಳನ್ನು ತಡೆದು, ಕಣ್ಣಿಗೆ ಕಾಣದ ಅನಿಲವನ್ನು ಹಾಗೆಯೇ ಬಿಟ್ಟರೆ, ಆಮ್ಲವನ್ನು ಮುರಿಯುತ್ತಿದ್ದ ಸುಣ್ಣ ಹೋಗಿ ಆಮ್ಲ ಮಾತ್ರ ಉಳಿಯುತ್ತದೆ. ಯುರೋಪ್, ಅಮೆರಿಕಗಳಲ್ಲಿ ಗಾಳಿಯ ಧೂಳು ತಗ್ಗಿದಾಗ, ಗಂಧಕ ತಗ್ಗಿದ್ದರ ಫಲದಲ್ಲಿ ಒಂದು ಪಾಲು ಹೀಗೆಯೇ ಕೈತಪ್ಪಿತೆಂದು 1990ರ ದಶಕದಲ್ಲಿ ಕಂಡುಬಂತು. ಆದ್ದರಿಂದ ಎರಡನ್ನೂ ಜೊತೆಯಾಗಿ ತಡೆಯಬೇಕು. ಅರ್ಧ ಕೆಲಸ ಮಾಡಿದರೆ ಲೆಕ್ಕ ತಾಳೆಯಾಗದು.

ಕೆಲವು ಒಳ್ಳೆಯ ಹೆಜ್ಜೆಗಳೂ ಬಿದ್ದಿವೆ. 2020ರ ಜನವರಿಯಿಂದ ಹಡಗುಗಳ ಎಣ್ಣೆಯಲ್ಲಿ ಗಂಧಕದ ಮಿತಿಯನ್ನು ಶೇಕಡಾ 3.5ರಿಂದ 0.5ಕ್ಕೆ ಇಳಿಸಲಾಯಿತು. ಬಂದರಿನ ಊರಿಗೆ ಇದು ದೊಡ್ಡ ಲಾಭ. ಅದೇ ವರ್ಷದ ಏಪ್ರಿಲಿನಿಂದ ನಮ್ಮ ದೇಶದ ಪೆಟ್ರೋಲು, ಡೀಸೆಲುಗಳಲ್ಲಿ ಗಂಧಕ ಹತ್ತು ಲಕ್ಷಕ್ಕೆ 10 ಪಾಲಿಗೆ ಇಳಿಯಿತು. ಕಲ್ಲಿದ್ದಲಿನ ಸ್ಥಾವರಗಳು ಗಂಧಕವನ್ನು ತಡೆಯಬೇಕೆಂದು 2015ರ ಡಿಸೆಂಬರಿನಲ್ಲಿ ನಿಯಮವಾಯಿತು. ಆದರೆ ಅದರ ಗಡುವು ಮತ್ತೆ ಮತ್ತೆ ಮುಂದೆ ಹೋಗಿ, 2025ರಲ್ಲಿ ಬಹುಪಾಲು ಘಟಕಗಳಿಗೆ ವಿನಾಯಿತಿಯೇ ದೊರೆಯಿತು. ನಮ್ಮ ಕಲ್ಲಿದ್ದಲಿನಲ್ಲಿ ಗಂಧಕ ಕಡಿಮೆ, ಯಂತ್ರಕ್ಕೆ ಖರ್ಚು ಹೆಚ್ಚು ಎಂಬುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಸೇರಿವೆ. ಆ ವಾದದಲ್ಲಿ ಹುರುಳಿಲ್ಲವೆಂದು ನಾವು ಹೇಳೆವು. ಆದರೆ ಸುಣ್ಣದ ಖಾತೆಯಿಂದ ಪ್ರತಿ ವರ್ಷ ಎಷ್ಟು ಖರ್ಚಾಗುತ್ತಿದೆಯೆಂದು ಬರೆದಿಡದೆ, ಖಾತೆ ತುಂಬಿದೆಯೆಂದು ನಂಬಿ ಕೂರುವುದು ಯಾವ ಲೆಕ್ಕಪತ್ರದ ಕ್ರಮವೂ ಅಲ್ಲ.

ಪರನಾಡಿನಲ್ಲಿರುವ ನಮಗೆ ಇದರ ಯೋಚನೆ ಏಕೆ ಎಂದು ಕೆಲವರು ಕೇಳಿಯಾರು. ಮಳೆ ಧಾರಾಳವಾಗಿ ತೊಳೆದ ನಮ್ಮ ಮಲೆನಾಡು, ಕರಾವಳಿಗಳ ಜಂಬಿಟ್ಟಿಗೆ ಮಣ್ಣಿನಲ್ಲಿ ಸುಣ್ಣ ಮೊದಲೇ ಕಡಿಮೆ. ಅಡಿಕೆ ತೋಟಕ್ಕೆ ಸುಣ್ಣ ಹಾಕುವ ವಾಡಿಕೆಯನ್ನು ಹಿರಿಯರು ಬಲ್ಲರು. ಅಲ್ಲಿನ ಮರಗಳು ಸೂಜಿಯೆಲೆಯವಲ್ಲ, ನಿಜ. ಆದರೆ ಅವೂ ವರ್ಷವಿಡೀ ಹಸುರಾಗಿ ಗಾಳಿಯನ್ನು ಜರಡಿ ಹಿಡಿಯುವಂಥವೇ. ಮಂಗಳೂರಿನ ಕಡೆ ಕಾರ್ಖಾನೆಗಳು ಬೆಳೆದಿವೆ. ಗಾಳಿ ಬೀಸುವುದು ಘಟ್ಟದ ಕಡೆಗೆ. ವಿಶಾಖಪಟ್ಟಣದಲ್ಲಿದ್ದಂತೆ ಅಲ್ಲಿಯೂ ಮಳೆಯ ಲೆಕ್ಕವನ್ನು ತಲೆಮಾರುಗಳ ಕಾಲ ಬಿಡದೆ ಇಡಬೇಕೆಂದು ನಮ್ಮ ಆಸೆ. ಕಾಡನ್ನು ಉಳಿಸುವ ಕೆಲಸದಲ್ಲಿ ದಿನವೂ ಬೆಳಿಗ್ಗೆ ಎದ್ದು ಶೀಸೆಯ ನೀರನ್ನು ಅಳೆದು ಅಂಕೆ ಬರೆಯುವ ಹೆಸರಿಲ್ಲದ ನೌಕರನ ಪಾಲು ಕಡಿಮೆಯದಲ್ಲ.

ಇಷ್ಟನ್ನೂ ಓದಿ ಮುಗಿಸಿ ಒಂದು ಸಂಜೆ ತಾಯಿಯವರಿಗೆ ಉತ್ತರ ಹೇಳಿದೆವು. "ಹಾಕಿ ಅಮ್ಮ, ಸದ್ಯಕ್ಕೆ ಮಣ್ಣು ತಡಕೊಳ್ಳುತ್ತದೆ. ಆದರೆ ಅದರ ಸುಣ್ಣ ಒಂದಲ್ಲ ಒಂದು ದಿನ ತೀರುತ್ತದೆ." ಅವರು ಸ್ವಲ್ಪ ಹೊತ್ತು ಯೋಚಿಸಿದರು. ಆಮೇಲೆ ಎಲೆಯಡಿಕೆಯ ತಟ್ಟೆಯಿಂದ ಸುಣ್ಣದ ಡಬ್ಬಿ ತೆಗೆದು, ಚಿಟಿಕೆಯಷ್ಟನ್ನು ನೀರಿನಲ್ಲಿ ಕದಡಿ, ತುಳಸಿಯ ಬುಡಕ್ಕೆ ಹೊಯ್ದರು. "ತೀರುವ ಮುಂಚೆ ಹಾಕ್ತಾ ಇರಬೇಕಪ್ಪ" ಎಂದರು.